ನಮ್ಮವ್ವ ಶಾಂತಿ ಅನ್ನಲ್ಲ, ನೆಮ್ದಿ ಅಂತಾಳೆ



ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ. ಒಪ್ಪಿಗೆ ಆಗದಿದ್ದರೆ ಜಗಳ ಆಡಿ, ಆದರೆ ಪೂರ್ತಿ ಓದಿ ಜಗಳ ಆಡಿ.

ಏಪ್ರಿಲ್ 14ರ ಕಾರ್ಯಕ್ರಮಕ್ಕೆಂದು ನಮ್ಮ ಹುಡುಗರು ಒಂದು ವಿಡಿಯೋ ಮಾಡಿದ್ದರು. ಕೇರಿಯ ಹಿರಿಯರನ್ನು ಜಗಲಿ ಮೇಲೆ ಕೂರಿಸಿ, "ನಿಮ್ಮ ಮೊಮ್ಮಕ್ಕಳ ಕಾಲ ಹೇಗಿರಬೇಕು?" ಅಂತ ಕೇಳೋದು. ಹೆಚ್ಚಿನವರು ಕೇಳಿದವರಿಗೆ ಇಷ್ಟವಾಗುವ ಹಾಗೆಯೇ ಹೇಳಿದರು. ಶಾಂತಿ ಇರಲಿ, ನ್ಯಾಯ ಸಿಗಲಿ, ಓದಿ ದೊಡ್ಡ ಸಾಹೇಬರಾಗಲಿ. ನಮ್ಮವ್ವನ ಸರದಿ ಬಂತು. ಅವಳಿಗೆ ಎಪ್ಪತ್ತು ದಾಟಿದೆ, ನನ್ನ ಮಗಳಿಗೆ ಆರು ವರ್ಷ. ಅವ್ವ ಅಂದದ್ದು ಇಷ್ಟು: "ನ್ಯಾಯ ಗೀಯ ಎಲ್ಲ ಬ್ಯಾಡ ಕನಪ್ಪ. ಕೂಸು ನೆಮ್ದಿಯಾಗಿರ್ಲಿ, ಅಷ್ಟೇ ಸಾಕು."

ವಿಡಿಯೋ ಎಡಿಟ್ ಮಾಡೋ ಹುಡುಗ ಫೋನ್ ಮಾಡಿ, "ಅಣ್ಣಾ, ಅಜ್ಜಿ ನ್ಯಾಯ ಬ್ಯಾಡ ಅಂದ್ಬುಟ್ಟವ್ರೆ, ಹಾಕದಾ ಬ್ಯಾಡ್ವಾ?" ಅಂತ ಕೇಳಿದ. "ಹಾಕಪ್ಪ" ಅಂದೆ. ಹಾಕಿದ ಮೇಲೆ ನಮ್ಮವರೇ ಕೆಲವರು ಬೇಜಾರು ಮಾಡಿಕೊಂಡರು. ಹಳೇ ತಲೆಮಾರು ಇನ್ನೂ ಹೆದರಿಕೊಂಡೇ ಇದೆ, ಪ್ರಜ್ಞೆ ಬಂದಿಲ್ಲ, ಇಂಥ ಮಾತು ಹೊರಗೆ ಹೋಗಬಾರದು ಅಂದರು. ಆ ಗೆಳೆಯರಿಗೇ ಈ ಉತ್ತರ. ನಮ್ಮವ್ವ ಹೇಳಿದ್ದು ಹೆದರಿಕೆಯ ಮಾತಲ್ಲ. ಅದು ಅನುಭವದ ಮಾತು. ಅದನ್ನು ಅರ್ಥ ಮಾಡಿಕೊಳ್ಳದೆ ನಮ್ಮ ಚಳವಳಿ ಒಂದು ಹೆಜ್ಜೆಯೂ ಮುಂದೆ ಹೋಗಲ್ಲ.

ಮೊದಲು 'ನ್ಯಾಯ' ಅನ್ನೋ ಮಾತನ್ನೇ ತೆಗೆದುಕೊಳ್ಳೋಣ.

ನಮ್ಮ ಕಡೆ ಹಳ್ಳಿಗಳಲ್ಲಿ ನ್ಯಾಯ ಅಂದರೆ ಏನು ಅಂತ ನಿಮಗೂ ಗೊತ್ತು. "ನ್ಯಾಯ ಸೇರ್ಸವ್ರೆ", "ನ್ಯಾಯಕ್ಕೆ ಕೂತವ್ರೆ", "ಅವನ ಮ್ಯಾಲೆ ನ್ಯಾಯ ಹಾಕವ್ರೆ" ಅಂತ ಮಾತಾಡ್ತೀವಿ. ಅರಳಿಕಟ್ಟೆ ಮೇಲೆ ಯಜಮಾನರು ಕೂತಿರ್ತಾರೆ, ನಮ್ಮವರು ಕೆಳಗೆ ದೂರದಲ್ಲಿ ಕೈಕಟ್ಟಿಕೊಂಡು ನಿಂತಿರ್ತಾರೆ. ತೀರ್ಪು ಹೇಳೋರು ಅವರೇ, ದೂರು ಕೊಡೋರೂ ಅವರೇ. ಕೊನೆಗೆ ದಂಡ ಕಟ್ಟಿ, ಅಡ್ಡಬಿದ್ದು, ತಪ್ಪಾಯ್ತು ಅಂದು ಬರೋದು ಮಾತ್ರ ನಾವು. ಸಂವಿಧಾನದ ಪೀಠಿಕೆಯಲ್ಲಿ ಇರುವ ನ್ಯಾಯ ಬೇರೆ, ಅರಳಿಕಟ್ಟೆಯ ನ್ಯಾಯ ಬೇರೆ. ನಮ್ಮವ್ವ ಕಂಡಿರೋದು ಎರಡನೇದನ್ನ.

ಅವಳು ಹನ್ನೊಂದು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಅವಳಪ್ಪನ ಮೇಲೆ ಒಂದು ನ್ಯಾಯ ಆಯಿತಂತೆ. ತಪ್ಪೇನು? ನೆಂಟರ ಮನೆ ಮದುವೆಗೆ ಹೋಗಿ ಬರುವಾಗ ಹೊಸ ಚಪ್ಪಲಿ ಮೆಟ್ಟಿಕೊಂಡು ಮೇಲಿನ ಬೀದಿಯಲ್ಲಿ ನಡೆದದ್ದು. ಐವತ್ತು ರೂಪಾಯಿ ದಂಡ. ಆ ಕಾಲಕ್ಕೆ ಐವತ್ತು ರೂಪಾಯಿ ನಮ್ಮ ತಾತನ ಕೈಯಲ್ಲಿ ಎಲ್ಲಿರಬೇಕು? ಒಬ್ಬ ಯಜಮಾನರು ತಾವೇ ಕಟ್ಟಿದರು. ಅದಕ್ಕೆ ಬದಲಾಗಿ ನಮ್ಮವ್ವ ಅವರ ಮನೆ ಕೊಟ್ಟಿಗೆ ಸೇರಿದಳು. ದನ ಕಾಯೋದು, ಸಗಣಿ ಬಾಚೋದು. ಹೊತ್ತು ಮುಳುಗಿದ ಮೇಲೆ ಹಿತ್ತಲ ಬಾಗಿಲಲ್ಲಿ ಮಡಿಲು ಒಡ್ಡಿದರೆ ಮೇಲಿಂದ ಒಂದು ಮುದ್ದೆ ಬೀಳ್ತಿತ್ತು. ಒಂದು ಜೊತೆ ಚಪ್ಪಲಿಗೆ ಎರಡು ವರ್ಷದ ಜೀತ. ಊರಿನ ಬಾಯಲ್ಲಿ ಅದಕ್ಕೆ ನ್ಯಾಯ ಅಂತ ಹೆಸರು. ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಅಷ್ಟೊತ್ತಿಗೆ ಅವ್ವನ ಮದುವೆಯೇ ಆಗಿಹೋಗಿತ್ತು.

ಈಗ ಹೇಳಿ, "ನ್ಯಾಯ ಬ್ಯಾಡ ಕನಪ್ಪ" ಅಂತ ಆ ಹೆಂಗಸು ಅಂದರೆ ಅದರಲ್ಲಿ ತಪ್ಪೇನಿದೆ?

ಇದೆಲ್ಲ ಹಳೇ ಕಾಲದ ಕಥೆ, ಈಗ ಎಲ್ಲಿದೆ ಅನ್ನುವವರು ನಮ್ಮ ಆಫೀಸಿನಲ್ಲೂ ಇದ್ದಾರೆ, ನಿಮ್ಮ ಆಫೀಸಿನಲ್ಲೂ ಇರ್ತಾರೆ. ಅವರಿಗೆ 2021ರ ಸೆಪ್ಟೆಂಬರ್ ನೆನಪು ಮಾಡಿ. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರ. ದಲಿತ ಕುಟುಂಬದ ಎರಡು ವರ್ಷದ ಮಗುವಿನ ಹುಟ್ಟುಹಬ್ಬ. ಅಪ್ಪ ಮಗನನ್ನು ಕರೆದುಕೊಂಡು ಹೋಗಿ ಹನುಮಪ್ಪನ ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿದ್ದಾಗ ಮಗು ಓಡಿ ಒಳಗೆ ಹೋಯಿತು. ಅಷ್ಟೇ. ಎರಡು ವರ್ಷದ ಮಗುವಿಗೆ ಹೊಸ್ತಿಲು ಅಂದರೆ ಏನು ಗೊತ್ತು? ಊರಿನವರು ಸೇರಿ ಗುಡಿ ಶುದ್ಧಿ ಮಾಡಿಸೋಕೆ ಅಂತ 25 ಸಾವಿರ ರೂಪಾಯಿ ದಂಡ ಹೇಳಿದರು. ಸುದ್ದಿ ಹೊರಗೆ ಬಂದ ಮೇಲೆ ಆಡಳಿತಕ್ಕೆ ಎಚ್ಚರ ಆಯಿತು, ಕೇಸಾಯಿತು, ಐದು ಜನರ ಬಂಧನವೂ ಆಯಿತು. ನಮ್ಮ ತಾತನ ಚಪ್ಪಲಿಗೆ ಐವತ್ತು ರೂಪಾಯಿ, ಆ ಮಗುವಿನ ಪುಟ್ಟ ಪಾದಕ್ಕೆ 25 ಸಾವಿರ. ರೇಟು ಏರಿದೆ, ಕಟ್ಟೆ ಅದೇ ಇದೆ.

ಇನ್ನು 'ಶಾಂತಿ'.

ಈ ಮಾತನ್ನು ನಮ್ಮ ಜನ ಕೇಳೋದು ಮುಖ್ಯವಾಗಿ ಒಂದೇ ಕಡೆ, ಶಾಂತಿ ಸಭೆಯಲ್ಲಿ. ನಾನು ವೃತ್ತಿಯಲ್ಲಿ ಗುಮಾಸ್ತ. ಇಪ್ಪತ್ತು ವರ್ಷದಿಂದ ಫೈಲು, ಟಪ್ಪಾಲು, ಷರಾ ಇವುಗಳ ನಡುವೆಯೇ ಜೀವನ. ಸಂಘಟನೆಯ ಕೆಲಸಕ್ಕೆ ಅಂತ ಹಳ್ಳಿಗಳಿಗೆ ಹೋದಾಗ ಎಷ್ಟೋ ಶಾಂತಿ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೀನಿ. ಎಲ್ಲ ಕಡೆ ಒಂದೇ ನಮೂನೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ತಹಶೀಲ್ದಾರ್, ಡಿವೈಎಸ್‌ಪಿ, ಸರ್ಕಲ್ ಇನ್‌ಸ್ಪೆಕ್ಟರ್, ಪಿಡಿಒ. ಹೊಡೆದವರು ಮುಂದಿನ ಸಾಲು, ಹೊಡೆಸಿಕೊಂಡವರು ಹಿಂದಿನ ಸಾಲು. ಸಾಹೇಬರು ಎದ್ದು, "ಎರಡೂ ಕಡೆಯವರು ಅಣ್ಣತಮ್ಮಂದಿರ ಹಾಗೆ ಬಾಳಬೇಕು" ಅಂತಾರೆ. ಸ್ವಾಮಿ, ಅಣ್ಣ ತಮ್ಮನಿಗೆ ಕುಡಿಯೋ ನೀರು ನಿಲ್ಲಿಸಿದ್ದನ್ನ ನೀವು ಎಲ್ಲಾದರೂ ನೋಡಿದ್ದೀರಾ?

'ಎರಡೂ ಕಡೆ' ಅನ್ನೋ ಆ ಎರಡು ಪದಗಳಲ್ಲೇ ಅರ್ಧ ಕೇಸು ಸತ್ತುಹೋಗುತ್ತೆ. ಹಲ್ಲೆ ಮಾಡಿದವನೂ ಹಲ್ಲೆಗೆ ಒಳಗಾದವನೂ ಒಂದೇ ತಕ್ಕಡಿಯಲ್ಲಿ ಕೂತರು ಅಂತ ಆಯಿತಲ್ಲ. ಇತ್ತ ಸಭೆ ನಡೀತಿರುವಾಗಲೇ ಅತ್ತ ನಮ್ಮ ಹುಡುಗರ ಮೇಲೆ ಒಂದು ಎದುರು ಕೇಸು ತಯಾರಾಗಿರುತ್ತೆ. ಹೆಂಗಸರನ್ನು ಚುಡಾಯಿಸಿದರು, ಕೊಬ್ಬರಿ ಕದ್ದರು, ಇಂಥದ್ದೇ ಏನೋ ಒಂದು. ಆಮೇಲೆ ಕಿವಿಯಲ್ಲಿ ಬಂದು ಹೇಳೋದು, "ನೀವೂ ವಾಪಸ್ ತಗೊಳಿ, ಅವರೂ ತಗೊಳ್ತಾರೆ". ಟೀ ಬರುತ್ತೆ, ಬಿಸ್ಕತ್ತು ಬರುತ್ತೆ, ಫೋಟೋ ತೆಗೀತಾರೆ. ಸಂಜೆ ವರದಿ ಹೋಗುತ್ತೆ: "ಗ್ರಾಮದಲ್ಲಿ ಶಾಂತಿಯುತ ವಾತಾವರಣವಿರುತ್ತದೆ." ಗುಮಾಸ್ತನಾಗಿ ಹೇಳ್ತೀನಿ, ಆ ವಾಕ್ಯ ಬರೆಯೋಕೆ ಊರಿಗೆ ಹೋಗಬೇಕಾದ ಅವಶ್ಯಕತೆಯೂ ಇಲ್ಲ. ಹಿಂದಿನ ಫೈಲಿನಲ್ಲಿ ಅದು ಹಾಗೇ ಇರುತ್ತೆ, ತಾರೀಕು ಬದಲಾಯಿಸಿದರೆ ಮುಗೀತು.

ಆ 'ಶಾಂತಿಯುತ ವಾತಾವರಣ'ದಲ್ಲಿ ನಮ್ಮವರಿಗೆ ಕೂಲಿಗೆ ಕರೆಯೋರಿಲ್ಲ. ಅಂಗಡಿಯಲ್ಲಿ ಸಾಮಾನಿಲ್ಲ. ರಾಗಿ ಮೂಟೆ ಹೊತ್ತುಕೊಂಡು ಪಕ್ಕದೂರಿನ ಮಿಲ್ಲಿಗೆ ಹೋಗಬೇಕು. ಡೈರಿಯಲ್ಲಿ ಹಾಲು ಹಾಕಿಸಿಕೊಳ್ಳಲ್ಲ. ಯಾರೂ ಹೊಡೀತಿಲ್ಲ, ಯಾರೂ ಕೂಗಾಡ್ತಿಲ್ಲ, ನಿಜಕ್ಕೂ ಊರು ಶಾಂತವಾಗಿರುತ್ತೆ. ಆದರೆ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಈ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನೂ ಅಪರಾಧ ಅಂತಲೇ ಬರೆದಿದೆ. ಕಾನೂನಿನ ಪ್ರಕಾರ ಅಪರಾಧ ನಡೀತಿರೋ ಊರು, ವರದಿಯ ಪ್ರಕಾರ ಶಾಂತವಾಗಿರೋ ಊರು. ಎರಡೂ ಒಂದೇ ಊರು.

ಅದಕ್ಕೇ ನಮ್ಮವ್ವ ಶಾಂತಿ ಅನ್ನಲ್ಲ. ಆ ಮಾತು ಅವಳ ಬಾಯಿಗೆ ಬರಲ್ಲ. ಅವಳದು ನೆಮ್ದಿ.

ನೆಮ್ದಿ ಅಂದರೆ ಏನವ್ವ ಅಂತ ನಾನು ಕೂತು ಕೇಳಿದೆ. ಅವಳು ಭಾಷಣ ಮಾಡಲಿಲ್ಲ, ರಾಗಿ ಕೇರುತ್ತಾ ಒಂದೊಂದಾಗಿ ಹೇಳಿದಳು. ನಾನು ಬರೆದುಕೊಂಡೆ.

"ರಾತ್ರಿ ಬಾಗ್ಲು ಬಡ್ದ್ರೆ ಯಾರೋ ನೆಂಟರು ಬಂದ್ರು ಅಂತ ಅನ್ನುಸ್ಬೇಕು, ಎದೆ ದಸಕ್ ಅನ್ಬಾರ್ದು."

"ಕೂಸು ನೀರ್ ಕೇಳುದ್ರೆ ಲೋಟ ಕೈಗೆ ಕೊಡ್ಬೇಕು. ಮ್ಯಾಲಿಂದ ಹುಯ್ಬಾರ್ದು."

"ಇಸ್ಕೂಲಲ್ಲಿ ಕಸ ಗುಡ್ಸೂದ್ರೆ ಎಲ್ಲಾ ಮಕ್ಳೂ ಗುಡುಸ್ಲಿ. ನನ್ ಕೂಸೊಂದೇ ಯಾಕೆ?"

"ಯಾರಾರ ಹೊಡುದ್ರೆ, ಹೊಡುದೋನು ತಲೆ ತಗ್ಗುಸ್ಬೇಕು. ಹೊಡುಸ್ಕಂಡೋರು ಯಾಕ್ ತಗ್ಗುಸ್ಬೇಕು?"

ನಾಲ್ಕೇ ನಾಲ್ಕು. ಇವುಗಳಲ್ಲಿ ನ್ಯಾಯ ಅನ್ನೋ ಪದ ಎಲ್ಲೂ ಇಲ್ಲ. ಆದರೆ ಒಂದೊಂದನ್ನೂ ಸಂವಿಧಾನದ ಪಕ್ಕ ಇಟ್ಟು ನೋಡಿ. ಲೋಟ ಕೈಗೆ ಕೊಡೋದು 17ನೇ ವಿಧಿ. ಎಲ್ಲ ಮಕ್ಕಳೂ ಗುಡಿಸೋದು 14 ಮತ್ತು 15ನೇ ವಿಧಿ. ರಾತ್ರಿ ಎದೆ ದಸಕ್ ಅನ್ನದೆ ಮಲಗೋದು 21ನೇ ವಿಧಿ. ಓದು ಬಾರದ ಹೆಂಗಸು ರಾಗಿ ಕೇರುತ್ತಾ ಹೇಳಿದ್ದು ಬಾಬಾಸಾಹೇಬರು ಬರೆದದ್ದನ್ನೇ. ಅವಳಿಗೆ ಪ್ರಜ್ಞೆ ಇಲ್ಲ ಅಂತ ಹೇಳಿದ ಗೆಳೆಯರು ದಯವಿಟ್ಟು ಇನ್ನೊಂದು ಸಲ ಓದಿಕೊಳ್ಳಿ.

ಲೋಟದ ಮಾತು ಬಂತು. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ತಮ್ಮ ಬಾಲ್ಯದ ಒಂದು ಪ್ರಯಾಣ ಬರೆದಿದ್ದಾರೆ. 1901ರಲ್ಲಿ ಅಪ್ಪನನ್ನು ನೋಡೋಕೆ ಅಂತ ಹೊಸ ಬಟ್ಟೆ ಹಾಕಿಕೊಂಡು ಹೊರಟ ಮಕ್ಕಳು ಮಸೂರ್ ರೈಲು ನಿಲ್ದಾಣದಲ್ಲಿ ಇಳಿದರು. ಜಾತಿ ತಿಳಿದ ಕೂಡಲೇ ಸ್ಟೇಷನ್ ಮಾಸ್ಟರ್ ಮುಖ ಬದಲಾಯಿತು. ಎತ್ತಿನ ಗಾಡಿಯವರು ಕೂರಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡೆದುಕೊಂಡು ಹೋದರು. ಬುತ್ತಿ ಇತ್ತು, ನೀರು ಸಿಗಲಿಲ್ಲ, ಹಸಿದೇ ಮಲಗಿದರು. ಮುಂದೆ ಈ ದೇಶಕ್ಕೆ ಸಂವಿಧಾನ ಬರೆದುಕೊಟ್ಟ ಮನುಷ್ಯನಿಗೆ ಹತ್ತು ವರ್ಷದ ಹುಡುಗನಾಗಿದ್ದಾಗ ದೇಶ ಒಂದು ಲೋಟ ನೀರು ಕೊಡಲಿಲ್ಲ. ಆ ರಾತ್ರಿ ಅಲ್ಲಿ ಗಲಾಟೆ ಏನೂ ಆಗಲಿಲ್ಲ ಅನ್ನೋದನ್ನೂ ಗಮನಿಸಿ. ಸರ್ಕಾರಿ ಭಾಷೆಯಲ್ಲಿ ಅದೂ ಶಾಂತಿಯುತ ವಾತಾವರಣವೇ.

ಶಾಲೆಯ ಮಾತು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಹೊರಗೆ ಬಂತು. ಮಲದ ಗುಂಡಿಗೆ ಮನುಷ್ಯರನ್ನು ಇಳಿಸಿ ಕೆಲಸ ಮಾಡಿಸಬಾರದು ಅಂತ ಕಾಯ್ದೆ ಇರೋದು 2013ರಿಂದ. ಶಾಲೆಗೆ ಓದೋಕೆ ಅಂತ ಕಳಿಸಿದ ಮಕ್ಕಳನ್ನೇ ಇಳಿಸಿದರು. ಆಗಲೂ ಬಂಧನ ಆಯಿತು, ಅಮಾನತು ಆಯಿತು. ಅವ್ವ ಟಿವಿಯಲ್ಲಿ ನೋಡಿದಳು. ಮಾರನೇ ದಿನ ಮಗಳು ಶಾಲೆಯಿಂದ ಬಂದಾಗ ಅವಳ ಕೈ ಹಿಡಿದು ಮೂಸಿ ನೋಡಿದಳು. ನಾನು ಯಾಕವ್ವ ಅಂತ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಇನ್ನು ಕೊನೇ ಮಾತು, ಹೊಡೆದವನು ತಲೆ ತಗ್ಗಿಸಬೇಕು ಅನ್ನೋದು. ಇಲ್ಲಿಗೆ ಕೋರ್ಟು ಬರುತ್ತೆ, ಕಾಲದ ಪ್ರಶ್ನೆ ಬರುತ್ತೆ.

ಕಾನೂನು ಏನು ಹೇಳುತ್ತೆ? ದೌರ್ಜನ್ಯ ಪ್ರಕರಣದಲ್ಲಿ ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ತನಿಖೆ ಮಾಡಿ 60 ದಿನದೊಳಗೆ ಆರೋಪ ಪಟ್ಟಿ ಹಾಕಬೇಕು. ವಿಶೇಷ ನ್ಯಾಯಾಲಯ ಸಾಧ್ಯವಾದ ಮಟ್ಟಿಗೆ ಅಲ್ಲಿಂದ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಒಟ್ಟು ನಾಲ್ಕು ತಿಂಗಳು. ಅಂದರೆ ಜೂನ್‌ನಲ್ಲಿ ಶಾಲೆ ಶುರುವಾದಾಗ ಒಂದು ಮಗುವಿನ ಮನೆಗೆ ಬೆಂಕಿ ಬಿದ್ದರೆ, ದಸರಾ ರಜೆ ಮುಗಿಯೋ ಹೊತ್ತಿಗೆ ತೀರ್ಪು ಬರಬೇಕು.

ನಡೆಯೋದೇನು? ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟ್ 28ರಂದು. ಹೋಟೆಲ್‌ಗೆ, ಕ್ಷೌರದಂಗಡಿಗೆ ನಮ್ಮವರಿಗೂ ಪ್ರವೇಶ ಬೇಕು ಅಂತ ಕೇಳಿದ ಊರು ಅದು. ಕೊಪ್ಪಳದ ನ್ಯಾಯಾಲಯ ಶಿಕ್ಷೆ ಹೇಳಿದ್ದು 2024ರ ಅಕ್ಟೋಬರ್ 24ರಂದು. 98 ಜನರಿಗೆ ಜೀವಾವಧಿ. ಇಷ್ಟು ಜನಕ್ಕೆ ಒಂದೇ ದಿನ ಶಿಕ್ಷೆ ಆದದ್ದನ್ನು ಕೇಳಿ ನಾವೆಲ್ಲ ಸಂಭ್ರಮಪಟ್ಟೆವು, ಸ್ಟೇಟಸ್ ಹಾಕಿದೆವು. ಆದರೆ ಲೆಕ್ಕ ಹಾಕಿ ನೋಡಿ. ಬೆಂಕಿ ಬಿದ್ದ ವರ್ಷ ಒಂದನೇ ಕ್ಲಾಸಿಗೆ ಸೇರಿದ್ದ ಮಗು ತೀರ್ಪಿನ ಹೊತ್ತಿಗೆ ಎಸ್ಸೆಸ್ಸೆಲ್ಸಿ ದಾಟಿರುತ್ತೆ. ಒಂದು ಬಾಲ್ಯ ಪೂರ್ತಿ ಕಾಯುವುದರಲ್ಲೇ ಮುಗಿಯಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಶಿಕ್ಷೆಯಾದವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಮೇಲ್ಮನವಿ, ಜಾಮೀನು ಎಲ್ಲರ ಹಕ್ಕು, ನಾಳೆ ನಮಗೂ ಬೇಕಾಗುವ ಹಕ್ಕು, ಅದನ್ನು ನಾನು ಪ್ರಶ್ನೆ ಮಾಡಲ್ಲ. ಆದರೆ ಸಾಕ್ಷಿ ಹೇಳಿದ ಕುಟುಂಬ ಅದೇ ಬೀದಿಯಲ್ಲಿ ಅವರ ಎದುರು ಓಡಾಡಬೇಕಲ್ಲ, ಆ ಕುಟುಂಬದ ನೆಮ್ದಿಗೆ ಯಾರು ಹೊಣೆ?

ಇನ್ನೂ ಹಿಂದಕ್ಕೆ ಹೋದರೆ ಕಂಬಾಲಪಲ್ಲಿ. 2000ದ ಮಾರ್ಚ್ 11. ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ನಮ್ಮ ಏಳು ಜನರನ್ನು ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತಿದ್ದು ನಿಜ, ಸುಟ್ಟಿದ್ದು ನಿಜ, ಸುಟ್ಟವರು ಮಾತ್ರ ಯಾರೂ ಅಲ್ಲ. ಖುಲಾಸೆ ಅಂದರೆ ಕೇಸೇ ಸುಳ್ಳು ಅಂತ ಟಿವಿಯಲ್ಲಿ ಕೂತು ವಾದ ಮಾಡೋರಿಗೆ ನಾನು ಕೇಳೋದು ಇದೊಂದೇ ಪ್ರಶ್ನೆ: ಆ ಏಳು ಹೆಣಗಳೂ ಸುಳ್ಳಾ?

ಸಾಕ್ಷಿಗಳು ಯಾಕೆ ತಿರುಗಿಬೀಳ್ತಾರೆ? ದುಡ್ಡು ತಿಂದರು ಅಂತ ಹೇಳಿಬಿಡೋದು ಸುಲಭ. ನಾಲ್ಕು ತಿಂಗಳಲ್ಲಿ ಮುಗಿಯೋ ಕೇಸಿಗೆ ಯಾರು ಬೇಕಾದರೂ ಗಟ್ಟಿಯಾಗಿ ನಿಲ್ತಾರೆ. ಆರು ವರ್ಷ, ಹತ್ತು ವರ್ಷ ಪ್ರತಿ ವಾಯಿದೆಗೂ ಕೂಲಿ ಬಿಟ್ಟು, ಬಸ್ ಚಾರ್ಜ್ ಸಾಲ ಮಾಡಿ, ಕೋರ್ಟಿನ ವರಾಂಡದಲ್ಲಿ ಆರೋಪಿಗಳ ಪಕ್ಕದಲ್ಲೇ ನಿಂತು, ಸಂಜೆ ಅದೇ ಬಸ್ಸಿನಲ್ಲಿ ಅವರ ಜೊತೆಯೇ ಊರಿಗೆ ವಾಪಸ್ ಬರಬೇಕು. ವಾಯಿದೆ ಮುಂದಕ್ಕೆ ಹಾಕೋದೂ ಒಂದು ಥರದ ಒತ್ತಡವೇ. ಅವ್ವ "ನ್ಯಾಯ ಬ್ಯಾಡ" ಅನ್ನುವಾಗ ಈ ಖರ್ಚೆಲ್ಲ ಅವಳ ಲೆಕ್ಕದಲ್ಲಿದೆ. ಆ ಖರ್ಚು ಕೊಡಬೇಕಾದವರು ಯಾರು ಅನ್ನೋದು ಅವಳಿಗೆ ಯಾರೂ ಹೇಳಿಲ್ಲ. ಹೇಳಬೇಕಾದ್ದು ನಮ್ಮ ಕೆಲಸ.

"ಕೇಸು ಹಾಕಿದರೆ ಊರು ಒಡೆಯುತ್ತೆ" ಅನ್ನೋರಿಗೂ ಒಂದು ಮಾತು. ಊರು ಯಾವತ್ತು ಒಂದಾಗಿತ್ತು? ಊರು ಒಂದು ಕಡೆ, ಕೇರಿ ಒಂದು ಕಡೆ ಅಂತ ಗೆರೆ ಎಳೆದದ್ದು ಎಫ್‌ಐಆರ್ ಅಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಕೆ ಕೊಟ್ಟರು. ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿ ಆರ್ಥಿಕತೆಯಲ್ಲಿ ಅಸಮಾನತೆ ಎಂಬ ವೈರುಧ್ಯವನ್ನು ಬೇಗ ಕೊನೆಗಾಣಿಸದಿದ್ದರೆ ಪ್ರಜಾಪ್ರಭುತ್ವವೇ ಅಪಾಯಕ್ಕೆ ಸಿಲುಕುತ್ತದೆ ಅಂದರು. ಅಂದರೆ ಶಾಂತಿ ಕೆಡಿಸುವುದು ನ್ಯಾಯ ಕೇಳುವವನಲ್ಲ, ನ್ಯಾಯವನ್ನು ತಡೆಹಿಡಿಯುವವನು.

ಮೇಲಿನ ಬೀದಿಯಲ್ಲೂ ಅಜ್ಜಿಯರಿದ್ದಾರೆ. ಅವರಿಗೂ ಮೊಮ್ಮಕ್ಕಳಿವೆ. ಆ ಮಕ್ಕಳೂ ಹುಟ್ಟುವಾಗ ಲೋಟ ಎತ್ತರಕ್ಕೆ ಹಿಡಿಯೋದು ಕಲಿತುಕೊಂಡು ಬರಲ್ಲ. ಯಾರೋ ಕೈ ಹಿಡಿದು ಕಲಿಸ್ತಾರೆ. ನನ್ನ ಮಗಳು ಯಾರ ಮುಂದೆಯೂ ಬೊಗಸೆ ಒಡ್ಡಬಾರದು ಅಂತ ನಮ್ಮವ್ವ ಆಸೆ ಪಡುವ ಹಾಗೆ, ನನ್ನ ಮೊಮ್ಮಗ ಯಾರ ಬೊಗಸೆಗೂ ಮೇಲಿಂದ ಹುಯ್ಯಬಾರದು ಅಂತ ಆ ಅಜ್ಜಿಯೂ ಆಸೆ ಪಡಬೇಕು. ನಮ್ಮ ಅಜ್ಜಿಯರು ತಮ್ಮ ಪಾಲಿನ ಆಸೆ ಹೇಳಿದ್ದಾರೆ. ಈಗ ಅವರ ಸರದಿ. ಅವರ ಮನೆಯಲ್ಲಿ ಹುಟ್ಟಿ ನಮ್ಮ ಜೊತೆ ಚಳವಳಿಗೆ ಬರೋ ಗೆಳೆಯರೇ, ಕೇರಿಯಲ್ಲಿ ಬಂದು ಊಟ ಮಾಡೋದಕ್ಕಿಂತ ನಿಮ್ಮ ಅಜ್ಜಿಯ ಹತ್ತಿರ ಈ ಮಾತಾಡೋದು ಕಷ್ಟದ ಕೆಲಸ. ಆ ಕಷ್ಟದ ಕೆಲಸ ಮಾಡಿ.

ನಾವು ಮಾಡಬೇಕಾದ್ದು ಏನು? ನನಗೆ ತಿಳಿದಷ್ಟು ಹೇಳ್ತೀನಿ. ಗುಮಾಸ್ತನ ಬುದ್ಧಿ, ಕಾಗದದ ಮಾತೇ ಹೆಚ್ಚು.

ಒಂದು. ಅಕ್ಷರ ಬಾರದವರು ಬಾಯಲ್ಲಿ ಹೇಳಿದ ದೂರನ್ನು ಠಾಣೆಯವರು ಬರೆದುಕೊಂಡು, ಅದನ್ನು ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ತಗೋಬೇಕು. ಪ್ರತಿಯನ್ನು ಕೂಡಲೇ ಕೊಡಬೇಕು. ಇದು ಕಾಯ್ದೆಯ 4ನೇ ಸೆಕ್ಷನ್. ಬೇಕೆಂದೇ ಕರ್ತವ್ಯ ಮಾಡದ ಅಧಿಕಾರಿಗೆ ಶಿಕ್ಷೆಯೂ ಅದರಲ್ಲೇ ಇದೆ. ಕೇರಿಯ ಒಬ್ಬೊಬ್ಬ ಅಜ್ಜಿಗೂ ಇದು ಬಾಯಿಪಾಠ ಆಗಬೇಕು.

ಎರಡು. ಸೆಕ್ಷನ್ 15ಎ ಪ್ರಕಾರ ನೊಂದವರಿಗೂ ಸಾಕ್ಷಿಗಳಿಗೂ ಪ್ರಯಾಣದ ಖರ್ಚು, ಊಟದ ಖರ್ಚು, ರಕ್ಷಣೆ ಕೊಡಬೇಕಾದ್ದು ಸರ್ಕಾರ. ಜಾಮೀನು ಅರ್ಜಿ ಬಂದರೆ ನೊಂದವರಿಗೆ ತಿಳಿಸಬೇಕು, ಅವರ ಮಾತು ಕೇಳಬೇಕು. ಇದನ್ನು ಕೇಳಿ ಅರ್ಜಿ ಹಾಕುವವರು ಕಡಿಮೆ. ಭಾಷಣಕ್ಕೆ ಹೋಗೋ ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಸಾಕ್ಷಿ ಕುಟುಂಬದ ವಾಯಿದೆಗೆ ಜೊತೆಗೆ ಹೋಗಿ. ಆ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲಿ ಕೂತು ವಾಪಸ್ ಬನ್ನಿ.

ಮೂರು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮುಖ್ಯಮಂತ್ರಿಗಳ ಅಧ್ಯಕ್ಷತೆಯ ರಾಜ್ಯ ಸಮಿತಿ ವರ್ಷಕ್ಕೆ ಎರಡು ಸಲ ಸೇರಬೇಕು. ಸೇರಿದರಾ, ಏನು ಚರ್ಚೆ ಆಯಿತು, ಎಷ್ಟು ಕೇಸು 60 ದಿನ ದಾಟಿದೆ ಅಂತ ಪ್ರತಿ ಜಿಲ್ಲೆಯಲ್ಲೂ ಮಾಹಿತಿ ಹಕ್ಕಿನಲ್ಲಿ ನಡಾವಳಿ ಕೇಳಿ. ಹತ್ತು ರೂಪಾಯಿ ಅರ್ಜಿ. ಸ್ಟೇಟಸ್ ಹಾಕೋದಕ್ಕಿಂತ ಸ್ವಲ್ಪ ಜಾಸ್ತಿ ಕೆಲಸ, ಅಷ್ಟೇ.

ನಾಲ್ಕು. ಶಾಂತಿ ಸಭೆಗೆ ನಾವು ವಿರೋಧ ಅಲ್ಲ. ಆದರೆ ಅದು ಎಫ್‌ಐಆರ್‌ಗೆ ಬದಲಿ ಅಲ್ಲ. ದೌರ್ಜನ್ಯದ ಕೇಸನ್ನು ಶಾಮಿಯಾನದ ಕೆಳಗೆ ಮುಗಿಸುವ ಅಧಿಕಾರ ತಹಶೀಲ್ದಾರರಿಗೂ ಇಲ್ಲ, ಯಜಮಾನರಿಗೂ ಇಲ್ಲ, ನಮ್ಮ ಸಂಘಟನೆಯ ಲೀಡರಿಗಂತೂ ಇಲ್ಲವೇ ಇಲ್ಲ. ಮೊದಲು ಕೇಸು, ಆಮೇಲೆ ಮಾತು. ಹೊಡೆಸಿಕೊಂಡವರಿಗೆ ಮುಂದಿನ ಸಾಲು. ಆಡಿದ ಮಾತೆಲ್ಲ ನಡಾವಳಿ ಪುಸ್ತಕದಲ್ಲಿ ಬರೆಯಬೇಕು, ನಮಗೊಂದು ಪ್ರತಿ ಕೊಡಬೇಕು.

ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ನಮ್ಮವ್ವನ ತಲೆಯೊಳಗೆ ನ್ಯಾಯ ಅನ್ನೋ ಪದಕ್ಕೆ ಅಂಟಿರೋ ಅರಳಿಕಟ್ಟೆ ಭಾಷಣದಿಂದ ಬಿಟ್ಟುಹೋಗಲ್ಲ. ಒಂದು ಸಲ, ಒಂದೇ ಸಲ, ನಮ್ಮ ತಾಲ್ಲೂಕಿನ ಒಂದು ಕೇಸು ಕಾನೂನು ಹೇಳಿದ ಅವಧಿಯಲ್ಲಿ ಮುಗಿದು, ಹೊಡೆದವನು ತಲೆ ತಗ್ಗಿಸಿದ್ದನ್ನು ಅವಳು ಕಣ್ಣಾರೆ ಕಂಡರೆ ಸಾಕು. ಅವತ್ತು ನೆಮ್ದಿಯೂ ನ್ಯಾಯವೂ ಅವಳಿಗೆ ಒಂದೇ ಆಗುತ್ತೆ. ನನ್ನ ಮಗಳಿಗಾದರೂ ಇವೆರಡೂ ಬೇರೆ ಬೇರೆ ಪದಗಳಾಗಿ ಉಳಿಯದಿರಲಿ.

ಮುಂದಿನ ಸಲ ನಿಮ್ಮೂರಲ್ಲಿ ಶಾಂತಿ ಸಭೆಗೆ ಕರೆದರೆ ತಪ್ಪದೆ ಹೋಗಿ. ಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಮುಂದಿನ ಕುರ್ಚಿಯಲ್ಲಿ ಕೂರಿಸಿ. ಸಾಹೇಬರು ಅಣ್ಣತಮ್ಮಂದಿರ ಮಾತು ಶುರು ಮಾಡುವ ಮೊದಲು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: "ಸಾರ್, ಎಫ್‌ಐಆರ್ ನಂಬರ್ ಎಷ್ಟು?"

ನಂಬರ್ ಹೇಳಲಿ. ಆಮೇಲೆ ಟೀ ಕುಡಿಯೋಣ.

ಜೈ ಭೀಮ್.